ಒಬ್ಬರ ಭಾರದ ಚೌಕಟ್ಟು

ಬಾಳೇಶ ಅಕ್ಕನ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ ಒತ್ತಿದ. ಕಾಲು ಜಗ್ಗಲಿಲ್ಲ. ಮೈಭಾರವನ್ನೆಲ್ಲ ತೋಳಿಗೆ ತಂದುಕೊಂಡು ಮತ್ತೊಮ್ಮೆ ಒತ್ತಲು ಹೊರಟಾಗ ಬಾಗಿಲಲ್ಲಿ ನಿಂತಿದ್ದ ಅಕ್ಕನ ಗಂಡ ಶಿದ್ರಾಮಪ್ಪ, “ಕೈ ತಗಿ” ಎಂದ.

“ಮಾವಾರ, ತಡಾ ಆದಷ್ಟೂ ಕಟಗಿ ಆಗ್ತೈತ್ರಿ. ಈಗ ಕುಂಡ್ರಸಲಿಲ್ಲಂದ್ರ ಆಮ್ಯಾಲ ಯಾರ ಕೈಲೂ ಆಗೂದಿಲ್ಲ.”

“ಕೈ ತಗಿ ಅಂದೆ.”

ಬಾಳೇಶ ಕೈ ತೆಗೆದು ಹಿಂದೆ ಸರಿದು ಕೂತ. ಸುದ್ದಿ ಕೇಳಿದವನೇ ಸಾವಳಗಿಯಿಂದ ಮೋಟರ್ ಸೈಕಲ್ ಮೇಲೆ ಬನಹಟ್ಟಿಗೆ ಓಡಿಬಂದಿದ್ದ. ಮುಖದ ಮೇಲಿನ ಧೂಳನ್ನೂ ತೊಳೆದಿರಲಿಲ್ಲ. ಒಬ್ಬಳೇ ಅಕ್ಕ, ಕಸ್ತೂರೆವ್ವ. ಅವಳ ಕಾಲ ಮೇಲೆ ಬಲ ಹಾಕುವುದು ಅವನಿಗೇನು ಖುಷಿಯ ಕೆಲಸವಾಗಿರಲಿಲ್ಲ. ಯಾರಾದರೂ ಮಾಡಲೇಬೇಕಿತ್ತು, ಅದಕ್ಕೇ ಮಾಡುತ್ತಿದ್ದ.

ಕಸ್ತೂರೆವ್ವ ರಾತ್ರಿ ನಿದ್ದೆಯಲ್ಲೇ ಹೋಗಿದ್ದಳು. ಪಕ್ಕದಲ್ಲಿ ಮಲಗಿದ್ದ ಗಂಡನಿಗೂ ಗೊತ್ತಾಗಿರಲಿಲ್ಲ. ನಸುಕಿನಲ್ಲಿ ಎದ್ದ ಶಿದ್ರಾಮಪ್ಪ ಅವಳು ಮಿಸುಕದೆ ಮಲಗಿದ್ದು ಕಂಡು ಸಮಾಧಾನಪಟ್ಟಿದ್ದ. ಕಾಲುನೋವೆಂದು ಅವಳು ಕಣ್ಣಿಗೆ ಕಣ್ಣು ಹಚ್ಚದೆ ಎಷ್ಟೋ ರಾತ್ರಿಗಳಾಗಿದ್ದವು. ಅವಳ ಜೊತೆ ಅವನೂ ಎದ್ದು ಕೂತು ಎಣ್ಣೆ ತಿಕ್ಕಿ ತಿಕ್ಕಿ ಸಾಕಾಗಿ ಹೋಗಿದ್ದ. ಇವತ್ತಾದರೂ ಒಂದು ಗಳಿಗೆ ಹೆಚ್ಚು ಮಲಗಲಿ ಎಂದು ಕೌದಿಯನ್ನು ಅವಳ ಗದ್ದದವರೆಗೆ ಎಳೆದು, ಸದ್ದಾಗದಂತೆ ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಬೆಂಕಿ ಹಾಕಿದ್ದ. ನೀರು ಕಾದ ಮೇಲೆ ಕರೆಯಲು ಬಂದರೆ ಅವಳು ತಣ್ಣಗಾಗಿದ್ದಳು. ಚಾಚಿದ ಕಾಲು ಚಾಚಿದ ಹಾಗೇ ಬಿಗಿದಿದ್ದವು.

ಲಿಂಗವಂತರಾದ ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಿಚಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಬಿದಿರಿನ ವಿಮಾನದಲ್ಲಿ ಕೂತ ಹಾಗೆಯೇ ಒಯ್ದು, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅದಕ್ಕೇ ಜೀವ ಹೋದೊಡನೆ, ಮೈ ಬಿಸಿಯಿರುವಾಗಲೇ, ಅಳುವುದನ್ನು ಆಮೇಲಿಗಿಟ್ಟು ಮೊದಲು ಕಾಲು ಮಡಿಚುತ್ತಾರೆ. ಆ ಹೊತ್ತು ಮೀರಿತ್ತು. ಹೆಂಡತಿಗೆ ನಿದ್ದೆ ಬಂದಿದೆಯೆಂದು ನಂಬಿ ಶಿದ್ರಾಮಪ್ಪನೇ ಅದನ್ನು ಕೈಯಾರೆ ಕಳೆದಿದ್ದ.

“ಇಬ್ಬರ ಹಿಡೀರಿ, ಒಬ್ಬಾಂವ ಒತ್ತಲಿ,” ಅಂಗಳದಿಂದ ಯಾರೋ ಹಿರಿಯರು ಹೇಳಿದರು. “ಮುರದ್ರ ಮುರೀಲಿ. ಸತ್ತ ಕಾಲಿಗೆ ನೋವ ಏನೈತಿ?”

“ಮುರಿಯೂದಿಲ್ಲ,” ಎಂದ ಶಿದ್ರಾಮಪ್ಪ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡಲು ಮೈಯಲ್ಲಿ ತ್ರಾಣ ಬೇಕಲ್ಲ. “ನಾ ಆಕಿಗೆ ಮಾತ ಕೊಟ್ಟೇನಿ.”

*

ಮಾತು ಕೊಟ್ಟದ್ದು ಅವನ ತಾಯಿ ಸತ್ತ ದಿನ. ಅವತ್ತೂ ಹೀಗೇ ಹೊತ್ತು ಮೀರಿತ್ತು. ನಾಲ್ಕು ಜನ ಗಂಡಸರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಬಾಗಿಲಾಚೆ ನಿಂತಿದ್ದ ಕಸ್ತೂರೆವ್ವ ಆಗ ಎರಡು ಮಕ್ಕಳ ಎಳೆ ತಾಯಿ. ಒಳಗಿನಿಂದ ಕಟ್ ಎಂದು ಒಂದು ಸದ್ದು ಬಂತು. ಒಣಗಿದ ತೊಗರಿ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಅವತ್ತು ಸಂಜೆ, ಎಲ್ಲರೂ ಹೋದ ಮೇಲೆ, ಅವಳು ಗಂಡನ ಎದುರು ಬಂದು ನಿಂತಳು.

“ನಾ ಸತ್ರ ನನ್ನ ಕಾಲ ಮುರೀಬ್ಯಾಡ್ರಿ.”

“ನೀನ ಮೊದಲ ಸಾಯ್ತೀ ಅಂತ ಯಾರ ಹೇಳ್ಯಾರ?”

“ಯಾರರ ಮೊದಲ ಸಾಯಲಿ. ನೀವ ಮಾತ ಕೊಡ್ರಿ.”

ಅವನು ಕೊಟ್ಟ. ಆಗ ಅದೇನು ದೊಡ್ಡದಾಗಿ ಕಾಣಲಿಲ್ಲ. ಅವಳ ಕಾಲು ಮಗ್ಗದ ಲಾಳಿಯ ಹಾಗೆ ಮನೆತುಂಬ ಓಡಾಡುತ್ತಿದ್ದ ದಿನಗಳು ಅವು.

ಅವನು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅವಳು ಪಕ್ಕದಲ್ಲಿ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಂದು ಕಾಲು ಮಡಿಚಿ, ಒಂದು ಕಾಲು ಚಾಚಿ, ಬೆಳಗಿನಿಂದ ಸಂಜೆಯವರೆಗೆ. ಮಕ್ಕಳನ್ನು ಹಡೆದದ್ದು, ಬೆಳೆಸಿದ್ದು, ಮದುವೆ ಮಾಡಿದ್ದು ಎಲ್ಲವೂ ಆ ರಾಟಿಯಿಂದ ಎದ್ದು ಮತ್ತೆ ರಾಟಿಗೆ ಬಂದು ಕೂರುವುದರ ನಡುವೆಯೇ ಆಗಿಹೋದವು. ಮಗ ಪರಮಾನಂದ ಮನೆಯ ಮುಂಭಾಗದಲ್ಲಿ ಪವರ್‌ಲೂಮ್ ಹಾಕಿಸಿದ. ಕೈಮಗ್ಗ ಬಿಚ್ಚಿ ಅಟ್ಟ ಸೇರಿತು. ಅಷ್ಟರಲ್ಲಿ ಕಸ್ತೂರೆವ್ವನ ಎರಡೂ ಮೊಣಕಾಲು ಊದಿ, ಬಿಗಿದು, ಮಡಿಚುವುದನ್ನೇ ಬಿಟ್ಟಿದ್ದವು. ಜಮಖಂಡಿಯ ಡಾಕ್ಟರು ಆಪರೇಷನ್ ಎಂದರು.

“ಕಾಲಾಗ ಸ್ಟೀಲ ಕೂಡಸ್ತಾರಂತ,” ಎಂದು ಅವಳು ಓಣಿಯ ಹೆಂಗಸರಿಗೆಲ್ಲ ಹೇಳಿ ನಕ್ಕಳು. “ನಾ ಏನ ಪವರ್‌ಲೂಮ?”

ನಗುತ್ತಲೇ ಹಟ ಹಿಡಿದು ಕೂತವಳು ಕೊನೆಯವರೆಗೂ ಒಪ್ಪಲಿಲ್ಲ. ಕೂರಲು ಮಂಚವೇ ಆಯಿತು. ನೆಲದ ಮೇಲೆ ಕಾಲು ಮಡಿಚಿ ಕೂತವರನ್ನು ಕಂಡರೆ ಮಾತ್ರ ಅವಳ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

*

ಮಗಳು ವೈಶಾಲಿ ಮುಧೋಳದಿಂದ ಬಂದಳು. ಟಂಟಂ ಆಟೋದಿಂದ ಇಳಿದವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ ತಾಯಿಯ ಮೇಲೆ ಬಿದ್ದು ಅತ್ತಳು. ಅತ್ತು ಮುಗಿಸಿ ತಲೆಯೆತ್ತಿದಾಗ, ಎಲ್ಲರೂ ಸತ್ತವಳ ಮುಖ ಬಿಟ್ಟು ಕಾಲನ್ನೇ ನೋಡುತ್ತಿರುವುದು ಅವಳಿಗೆ ತಿಳಿಯಿತು.

“ನೀರ ಕಾದಾವು,” ಎಂದ ಶಿದ್ರಾಮಪ್ಪ.

ಬೆಳಗಿನಿಂದ ಅವನು ಈ ಮಾತನ್ನು ಮೂರನೆಯ ಸಲ ಆಡುತ್ತಿದ್ದ. ಮುದುಕನಿಗೆ ತಲೆ ನಿಂತಿಲ್ಲವೆಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವೈಶಾಲಿ ಬಚ್ಚಲಿನ ಕಡೆ ನೋಡಿದಳು. ಅರೆತೆರೆದ ಬಾಗಿಲಿನಿಂದ ಉಗಿ ಬರುತ್ತಿತ್ತು.

“ಅಪ್ಪಾ, ಕೊಪ್ಪರಗಿಗೆ ಹಾಕ್ಲೇನು?” ಎಂದಳು.

*

ಕೊಪ್ಪರಿಗೆಯ ಕತೆಗೆ ಅವಳೇ ಕಾರಣ. ಮೂರು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ತಾಯಿಗೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ಜಪಾನಿನ ಮುದುಕಿಯೊಬ್ಬಳು ಆಳವಾದ ಮರದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ, ಕಣ್ಣು ಮುಚ್ಚಿ ಕೂತಿದ್ದಳು.

“ಹಿಂಗ ಕುಂತ್ರ ಸಂದು ಸಡ್ಲ ಆಗ್ತಾವಂತ ಅವ್ವಾ. ನೀರ ಮೈ ಎತ್ತಿ ಹಿಡೀತೈತಿ, ಕಾಲಿಗೆ ಭಾರ ಬೀಳೂದಿಲ್ಲ.”

“ನಾ ಏನ ಎಮ್ಮಿ ಏನ ಬೇ, ಕುತಗಿತನಾ ನೀರಾಗ ಕುಂಡ್ರಾಕ?” ಎಂದಳು ಕಸ್ತೂರೆವ್ವ. ಅಂದರೂ, ಆಮೇಲೆ ಮೊಬೈಲು ಇಸಿದುಕೊಂಡು ಅದನ್ನೇ ಇನ್ನೊಮ್ಮೆ ನೋಡಿದ್ದನ್ನು ಶಿದ್ರಾಮಪ್ಪ ಕಂಡಿದ್ದ.

ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯೊಂದು ಮುಚ್ಚಿ ಅದರ ಸಾಮಾನು ಬಯಲಿಗೆ ಬಿದ್ದಿತ್ತು. ಅಲ್ಲಿಂದ ಎದೆಮಟ್ಟದ ಸ್ಟೀಲಿನ ಕೊಪ್ಪರಿಗೆಯೊಂದನ್ನು ಅವನು ಹೇರಿಕೊಂಡು ಬಂದ. ಎಷ್ಟು ತಿಕ್ಕಿದರೂ ಒಳಗಿನ ಕೆಂಪು ಕಲೆ ಹೋಗಲಿಲ್ಲ, ಅದು ಹೋಗಲಿ. ತೊಂದರೆ ಇದ್ದದ್ದು ತಳದಲ್ಲಿ. ಇಟ್ಟಿಗೆಯ ಒಲೆಯೊಳಗೆ ಹೂತಿಡಲು ಮಾಡಿಸಿದ ಕೊಪ್ಪರಿಗೆ, ತಳ ಗುಂಡಗಿತ್ತು. ನೆಲದ ಮೇಲಿಟ್ಟರೆ ಉರುಳುತ್ತಿತ್ತು. ಅದನ್ನು ಎತ್ತಿ ಹಿಡಿಯಲು ಗಟ್ಟಿ ಚೌಕಟ್ಟು ಬೇಕು.

ಅಟ್ಟದಿಂದ ಹಳೆಯ ಮಗ್ಗದ ಕಂಬ, ತೊಲೆ ಕೆಳಗಿಳಿದವು. ಪಕ್ಕದ ಮನೆಯ ಯಲ್ಲಾಲಿಂಗ ಚಿಕ್ಕಂದಿನಿಂದ ಜೊತೆಗೆ ನೇಯ್ದವನು. ಕೂಗುವ ಮೊದಲೇ ಗರಗಸ ಹಿಡಿದು ಬಂದ. ಇಬ್ಬರೂ ಸೇರಿ ಕಂಬಕ್ಕೆ ತೂತು ಕೊರೆದು, ಅಡ್ಡತೊಲೆಯ ಮೂತಿ ತೂರಿಸಿ, ಮಗ್ಗ ಕಟ್ಟುವ ಹಾಗೆ ಮರದ ಬೆಣೆ ಬಡಿದು ಬಿಗಿ ಮಾಡಿದರು.

“ಮೊಳಿ ಹೊಡೀರೋ,” ಎಂದು ಕಸ್ತೂರೆವ್ವ ಮಂಚದಿಂದಲೇ ಕೂಗಿದಳು.

“ಮಗ್ಗಕ್ಕ ಮೊಳಿ ಹೊಡದಾಂವ ನೇಕಾರ ಏನವ್ವಾ?” ಎಂದ ಯಲ್ಲಾಲಿಂಗ. “ಆನಿ ಹತ್ತಿ ಕುಂತ್ರೂ ಮಿಸುಕೂದಿಲ್ಲ ನೋಡ ಇದು.”

ಆನೆಯೇನೂ ಹತ್ತಲಿಲ್ಲ. ಬರೀ ನೀರು ತುಂಬಿದ್ದಕ್ಕೇ, ಆಗತಾನೆ ಹುಟ್ಟಿದ ಕರುವಿನ ಹಾಗೆ ಚೌಕಟ್ಟಿನ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿದವು. ಕೊಪ್ಪರಿಗೆ ಮಗುಚಿತು. ನೀರು ಬಚ್ಚಲು ದಾಟಿ, ಪಡಸಾಲೆ ದಾಟಿ, ಪರಮಾನಂದನ ಮಗ್ಗಗಳ ಕೆಳಗೆ ಹೋಯಿತು. ಅವನು ನೂಲಿನ ಗಂಟು ಎತ್ತಿಕೊಂಡು ಬಾಯಿಗೆ ಬಂದದ್ದು ಬೈದ. ಮುದುಕರಿಬ್ಬರೂ ತೊಯ್ದ ಧೋತರದಲ್ಲಿ ಪೆಚ್ಚಾಗಿ ನಿಂತರು.

ತಪ್ಪು ಎಲ್ಲಾಯಿತೆಂದು ತಿಳಿಯಲು ಒಂದು ರಾತ್ರಿ ಬೇಕಾಯಿತು. ಕೈಮಗ್ಗದ ಕಂಬಗಳನ್ನು ನೆಲದಲ್ಲಿ ಹೂಳುತ್ತಾರೆ. ಅವುಗಳ ಕಾಲು ಜಾರಬಹುದೆಂಬ ವಿಚಾರವೇ ನೇಕಾರನಿಗೆ ಬರುವುದಿಲ್ಲ. ಬಚ್ಚಲಿನ ನುಣುಪು ಕಲ್ಲಿನ ಮೇಲೆ ನಿಂತ ಕಂಬಗಳಿಗೆ ಕೆಳಗೂ ಅಡ್ಡಪಟ್ಟಿ ಕಟ್ಟಬೇಕೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಎರಡನೆಯ ಸಲ ಕೆಳಪಟ್ಟಿ ಹಾಕಿದರು, ತಳದ ಗುಂಡಾಕಾರಕ್ಕೆ ಸರಿಯಾಗಿ ಹಲಗೆ ಕೊರೆದು ಕೂರಿಸಿದರು, ಹತ್ತಲು ಮೆಟ್ಟಿಲು, ಒಳಗೆ ಕೂರಲು ಮಣೆ ಮಾಡಿದರು.

ಆದರೆ ಕಸ್ತೂರೆವ್ವನಿಗೆ ನಂಬಿಕೆ ಹೋಗಿತ್ತು. “ಬೆಣಿ ಬಡದ ತೋರಸ್ರಿ,” ಎಂದಳು. ಅವನು ಮರದ ಕೊಡತಿಯಿಂದ ಒಂದೊಂದೇ ಬೆಣೆಯ ಮೇಲೆ ಬಡಿದ. ಅವಳು ಮಂಚದ ಮೇಲೆ ಕೂತು ಕಿವಿಗೊಟ್ಟಳು. ಜೀವಮಾನವಿಡೀ ಮಗ್ಗದ ಸದ್ದು ಕೇಳಿದ ಕಿವಿ ಅದು. ಸದ್ದು ಮಂದವಾಗಿ ಬಂದರೆ, “ಇನ್ನೊಂದ ಏಟ” ಎನ್ನುವಳು. ಬಿಗಿಯಾಗಿ ಬಂದರೆ, “ಹಾಂ, ಆತು. ಬಂದೆ” ಎನ್ನುವಳು. ತೊಯ್ದು ಒಣಗುವ ಮರ, ಬೆಣೆ ದಿನಾ ಒಂದಿಷ್ಟು ಸಡಿಲಾಗುತ್ತಿತ್ತು. ಹಾಗಾಗಿ ಬಡಿಯುವುದೂ ಕೇಳುವುದೂ ದಿನದ ಕೆಲಸವೇ ಆಯಿತು.

ಮೊದಲ ದಿನ ಅವಳನ್ನು ನೀರಿಗಿಳಿಸಿ ಅವನು ಹೊರಗೆ ಕೂತಿದ್ದ. ಅರ್ಧ ಗಂಟೆಯಾಗಿರಬೇಕು, “ಏನ್ರೀ, ಲಗೂ ಬರ್ರಿ!” ಎಂದು ಕೂಗು ಬಂತು. ಬಿದ್ದಳೆಂದುಕೊಂಡು ಓಡಿದ.

ಅವಳು ನೀರಿನೊಳಗೆ ಬೆರಳು ತೋರಿಸಿದಳು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. “ಮಡಚ್ಯಾವ ನೋಡ್ರಿ,” ಎಂದಳು. ಕಣ್ಣಲ್ಲಿ ನೀರು ಬಂದಿತ್ತು, ನಗುತ್ತಲೂ ಇದ್ದಳು. “ನೀವೂ ಬರ್ರಿ ಒಳಗ.”

“ಹುಚ್ಚೀ. ಚೌಕಟ್ಟು ಒಬ್ಬರ ಭಾರಕ್ಕ ಕಟ್ಟೇನಿ.”

“ನಿಮ್ಮದೇನ ಭಾರ? ನೂಲ ಬಿಚ್ಚಿದ ಕಂಡಿಕಿ ಆಗೀರಿ.”

ಆಮೇಲೆ ದಿನಾ ಬೆಳಿಗ್ಗೆ ಅವಳದು ಅದೇ ಕರೆ, ಅವನದು ಅದೇ ಉತ್ತರ. ನೀರಿನಿಂದ ಹೊರಗೆ ಬಂದು ಮೈ ಆರುವಷ್ಟರಲ್ಲಿ ಕಾಲು ಮತ್ತೆ ಬಿಗಿಯುತ್ತಿದ್ದವು.

*

“ಹೆಣಾನ ಕೊಪ್ಪರಗ್ಯಾಗ ಕುಂಡ್ರಸ್ತಾರೇನ್ರಿ? ಎಲ್ಲೂ ಕಂಡಿಲ್ಲ, ಕೇಳಿಲ್ಲ,” ಎಂದಳು ಓಣಿಯ ಹಿರಿಯ ಹೆಂಗಸು ಇಂದ್ರವ್ವ.

ಬಾಳೇಶನಿಗೂ ಸರಿಬರಲಿಲ್ಲ. “ಮಾವಾರ, ಮಂದಿ ಏನ ಅಂದಾರು?”

ಶಿದ್ರಾಮಪ್ಪ ಅಂಗಳದಲ್ಲಿ ಕೂತಿದ್ದ ಮಠದ ಅಯ್ಯನವರ ಕಡೆ ನೋಡಿದ. ಅವರು ವಿಭೂತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಕಾಯುತ್ತಿದ್ದರು. ಅವರಿಗೂ ವಯಸ್ಸಾಗಿತ್ತು. ಇಂಥ ಬಾಗಿಲುಗಳ ಹೊರಗೆ ಕೂತು ಅಂಥ ಸದ್ದುಗಳನ್ನು ಕೇಳಿ ಕೇಳಿ ಅವರೂ ದಣಿದಿದ್ದರು.

“ಝಳಕಾ ಮಾಡಸೂದಂತೂ ಐತೆಲ್ಲ,” ಎಂದರು. “ಮಣಿ ಮ್ಯಾಲ ಮಾಡಸ್ರಿ, ಕೊಪ್ಪರಗ್ಯಾಗ ಮಾಡಸ್ರಿ. ಹೊತ್ತ ಮುಣಗೂದ್ರಾಗ ತಾಯಿ ಕುಂತು ಹೊರಗ ಬರಬೇಕು, ಅಷ್ಟ.”

ವೈಶಾಲಿ ಕೊಡದ ಮೇಲೆ ಕೊಡ ಹೊತ್ತು ನೀರು ತುಂಬಿದಳು. ಪರಮಾನಂದ ಒಲೆಗೆ ಇನ್ನಷ್ಟು ಕಟ್ಟಿಗೆ ಒಟ್ಟಿದ. ಸೀರೆಯುಟ್ಟ ಹಾಗೆಯೇ ಕಸ್ತೂರೆವ್ವನನ್ನು ನಾಲ್ವರು ಎತ್ತಿ ಮೆಟ್ಟಿಲು ಹತ್ತಿಸಿ ನೀರಿಗಿಳಿಸಿದರು. ಬೆಣೆ ಬಡಿದು ನೋಡುವುದು ಅವತ್ತು ಯಾರಿಗೂ ನೆನಪಾಗಲಿಲ್ಲ.

ಅವಳು ಕೂರಲಿಲ್ಲ. ಕೊರಡಿನ ಹಾಗೆ ನಿಂತಳು. ವೈಶಾಲಿ ಮೆಟ್ಟಿಲ ಮೇಲಿಂದ ಹಿಡಿದರೆ ತಾಯಿ ಅತ್ತ ಜಾರುವಳು, ಅತ್ತಲಿಂದ ಹಿಡಿದರೆ ಇತ್ತ. ಮೊಣಕಾಲಿಗೆ ಯಾರ ಕೈಯೂ ಮುಟ್ಟುತ್ತಿರಲಿಲ್ಲ. ಹಿಂದಿನಿಂದ ಆತುಕೊಳ್ಳಲು ಒಬ್ಬರು ಬೇಕಿತ್ತು, ಒಳಗೇ.

ಶಿದ್ರಾಮಪ್ಪ ಅಂಗಿ ಕಳೆದು ಗೂಟಕ್ಕೆ ಹಾಕಿದ.

“ಶಿದ್ದಣ್ಣಾ,” ಯಲ್ಲಾಲಿಂಗ ಅವನ ತೋಳು ಹಿಡಿದ, “ಅದನ್ನ ಒಬ್ಬರ ಭಾರಕ್ಕ ಕಟ್ಟೇವಿ.”

“ಗೊತ್ತೈತಿ. ಹಿಡೀರಿ ನೀವು.”

ಒಂದು ಕಂಬ ಗೋಡೆಗೆ ಆತಿತ್ತು. ಉಳಿದ ಮೂರಕ್ಕೆ ಯಲ್ಲಾಲಿಂಗ, ಪರಮಾನಂದ, ಬಾಳೇಶ ಬೆನ್ನು ಕೊಟ್ಟು, ಮುಖ ಹೊರಗೆ ಮಾಡಿ ನಿಂತರು. ಮುದುಕ ಒಳಗಿಳಿದ. ಚೌಕಟ್ಟು ಕಿರ್ರೆಂದಿತು. ನೀರು ಅಂಚು ಮೀರಿ ಅವರ ಬೆನ್ನ ಮೇಲೆ ಇಳಿಯಿತು.

ಅವನು ಮಣೆಯ ಮೇಲೆ ಕೂತು ಹೆಂಡತಿಯ ಬೆನ್ನನ್ನು ಎದೆಗೆ ಆನಿಸಿಕೊಂಡ. ಅವಳ ತಲೆ ಅವನ ಹೆಗಲಿಗೆ ಬಂತು, ಬಿಗಿದ ಕಾಲುಗಳು ಓರೆಯಾಗಿ ಎದುರಿನ ಅಂಚಿಗೆ ತಾಗಿದವು. ನೀರು ಇಬ್ಬರ ಕುತ್ತಿಗೆ ಮುಟ್ಟಿತು. ನೀರು ಹೀಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಎಷ್ಟೋ ವರ್ಷದ ದಣಿವು ಬೆನ್ನಿನಿಂದ ಬಿಚ್ಚಿ ಬಿಚ್ಚಿ ಹೋಗುತ್ತಿತ್ತು. ಈ ಸುಖವನ್ನು ಇಷ್ಟು ದಿನ ಇವಳೊಬ್ಬಳೇ ಉಂಡಳಲ್ಲ ಎಂದು ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು. ಕರೆದಾಗಲೇ ಬರಬೇಕಿತ್ತು. ಒಂದು ಸಲವಾದರೂ ಬರಬೇಕಿತ್ತು.

“ಬಂದೆ ನೋಡ,” ಎಂದ ಅವಳ ಕಿವಿಯ ಹತ್ತಿರ. ಅತ್ತದ್ದು ಆಗಲೇ, ಅವತ್ತು ಮೊದಲ ಸಲ.

ಒತ್ತಲಿಲ್ಲ. ಎರಡೂ ಅಂಗೈಯನ್ನು ಮೊಣಕಾಲುಗಳ ಮೇಲಿಟ್ಟು ಎಂದಿನ ಹಾಗೆ ನೀವುತ್ತ ಹೋದ. ವೈಶಾಲಿ ಬಿಸಿನೀರು ಬೆರೆಸುತ್ತಲೇ ಇದ್ದಳು. ಬಚ್ಚಲ ತುಂಬ ಉಗಿ ಕವಿಯಿತು. ಮೂವರು ಬೆನ್ನು ಕೊಟ್ಟು ನಿಂತೇ ಇದ್ದರು. ಅಂಗಳದ ಮಾತುಗಳು ಒಂದೊಂದಾಗಿ ನಿಂತವು. ಬಹಳ ಹೊತ್ತಿನ ಮೇಲೆ ಬಲಗಾಲು ಅವನ ಕೈಯಡಿಯಲ್ಲಿ ಒಂದಿಷ್ಟು ಸಡಿಲಾಯಿತು. ಆಮೇಲೆ ಇನ್ನಷ್ಟು. ಅದು ಮಡಿಚಿ ಒಳಗೆ ಬಂತು. ಅವನು ಎಡಗಾಲಿಗೆ ಕೈ ಹಾಕಿದ.

ಕಟ್!

ಅಂಗಳದಲ್ಲಿ ಯಾವುದೋ ಹೆಂಗಸು “ಅಯ್ಯ ಶಿವನ!” ಎಂದು ಚೀರಿದಳು. ಬಾಳೇಶ ತಿರುಗಿ ನೋಡಲಾರದೆ, ಕಂಬ ಬಿಡಲಾರದೆ, ಗೋಡೆಯ ಕಡೆ ಮುಖ ಮಾಡಿಯೇ ಕೇಳಿದ: “ಮುರೀತೇನ್ರಿ ಮಾವಾರ? ಮುರೀತ?”

ಕೊಪ್ಪರಿಗೆ ಯಲ್ಲಾಲಿಂಗನ ಕಡೆ ಬೆರಳಷ್ಟು ವಾಲಿತ್ತು. ಅವನು ಹಲ್ಲು ಕಚ್ಚಿ ಬೆನ್ನು ಒತ್ತಿ ಹಿಡಿದು, ಕಣ್ಣು ಕೆಳಗೆ ಹಾಯಿಸಿದ. ಅವನ ಪಾದದ ಹತ್ತಿರ ಒಂದು ಮರದ ತುಂಡು ನೀರಿನಲ್ಲಿ ತೇಲುತ್ತಿತ್ತು.

“ಕಾಲಲ್ಲ,” ಎಂದ. “ಬೆಣಿ ಹಾರೇತಿ. ಬಿಡಬ್ಯಾಡ್ರೋ, ಒತ್ತಿ ಹಿಡೀರಿ.”

ಎಡಗಾಲು ಸದ್ದಿಲ್ಲದೆ ಮಡಿಚಿಕೊಂಡಿತು.

*

ಹೊತ್ತು ಮುಳುಗುವ ಮೊದಲು ಕಸ್ತೂರೆವ್ವ ವಿಮಾನದಲ್ಲಿ ಕೂತು ಹೊರಟಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ. ಅವಳು ದಾಟುವವರೆಗೆ ಓಣಿಯ ಪವರ್‌ಲೂಮ್‌ಗಳು ನಿಂತವು. ಆ ಓಣಿಯಲ್ಲಿ ಜನರ ಕಾಲಸಪ್ಪಳ ಕೇಳಿಸುವುದು ಇಂಥ ದಿನ ಮಾತ್ರ. ಬಾಳೇಶ ವಿಮಾನಕ್ಕೆ ಹೆಗಲು ಕೊಟ್ಟು ನಡೆಯುತ್ತ ಮತ್ತೆ ಮತ್ತೆ ತಲೆಯೆತ್ತಿ ನೋಡುತ್ತಿದ್ದ.

“ಮಾವಾರ,” ಎಂದ ಒಮ್ಮೆ, ಪಕ್ಕದಲ್ಲಿದ್ದ ಶಿದ್ರಾಮಪ್ಪನಿಗೆ ಮಾತ್ರ ಕೇಳುವಂತೆ, “ಅಕ್ಕ ಛಲೋ ಕುಂತಾಳ್ರಿ.”

ಶಿದ್ರಾಮಪ್ಪ ತಲೆಯಾಡಿಸಿದ.

ಮಣ್ಣು ಮಾಡಿ ಬಂದು, ಎಲ್ಲರೂ ಅಂಗಳದಲ್ಲೇ ತಲೆಯ ಮೇಲೆ ನೀರು ಹಾಕಿಕೊಂಡು, ನೆರೆಯವರು ತಂದ ರೊಟ್ಟಿಯಲ್ಲಿ ಒಂದು ತುತ್ತು ಮುರಿದು ಹೋದರು. ಯಲ್ಲಾಲಿಂಗ ಬೆನ್ನು ಹಿಡಿದುಕೊಂಡೇ ತನ್ನ ಮನೆಗೆ ನಡೆದ. ಬಾಳೇಶ ಕಟ್ಟೆಯ ಮೇಲೆ ಟವೆಲು ಹಾಸಿ ಅಡ್ಡಾದ. ವೈಶಾಲಿ ಕೊಪ್ಪರಿಗೆ ಬರಿದು ಮಾಡಿ, ಬಚ್ಚಲು ಗುಡಿಸಿ, ಒಳಮನೆಯ ಮಂಚದ ಮೇಲೆ ಕೌದಿಯನ್ನು ಮಡಿಚಿಟ್ಟು ಅಡಿಗೆಮನೆ ಸೇರಿದಳು.

ಶಿದ್ರಾಮಪ್ಪ ಬಚ್ಚಲಿಗೆ ಹೋದ. ಬೆಣೆ ಮೂಲೆಯಲ್ಲಿ ಬಿದ್ದಿತ್ತು. ನೀರು ಕುಡಿದು ಉಬ್ಬಿತ್ತು. ಅದನ್ನು ಧೋತರದ ಚುಂಗಿನಿಂದ ಒರೆಸಿ, ಮಂಡಿಯೂರಿ ಕೂತು, ಕಂಬದ ತೂತಿಗೆ ಕೂರಿಸಿದ. ಗೂಟದಿಂದ ಕೊಡತಿ ತೆಗೆದು ಬಡಿದ. ಸದ್ದು ಮಂದವಾಗಿ ಬಂತು. ಇನ್ನೊಂದು ಏಟು ಹಾಕಿದ.

“ಮಾವಾರ, ಏನ ಮಾಡಾಕತ್ತೀರಿ ಈಗ?” ಕಟ್ಟೆಯಿಂದ ಬಾಳೇಶ ಕೇಳಿದ.

ಅವನಿಗೆ ಕೇಳಿಸಲಿಲ್ಲ. ಮತ್ತೊಂದು ಏಟಿಗೆ ಬೆಣೆ ಬಿಗಿಯಾಗಿ ನುಡಿಯಿತು. ಶಿದ್ರಾಮಪ್ಪ ಕೊಡತಿಯನ್ನು ಹಾಗೇ ಎತ್ತಿ ಹಿಡಿದು, ಒಳಮನೆಯ ಮಂಚದ ಕಡೆ ಕಿವಿಯಿಟ್ಟು ಕೂತೇ ಇದ್ದ.